ಕ್ಯಾನ್ಸಲ್ ಪದದೊಳಗಿನ ಕಂಬಿಗಳು

ಪ್ರಶ್ನೆ: ಮೇಡಂ, ಹೊಸ ಕೆಲಸಕ್ಕೆ ಸೇರಿದ್ದೇನೆ. ಸಂಬಳದ ಖಾತೆಗೆ ಕ್ಯಾನ್ಸಲ್ಡ್ ಚೆಕ್ ಕೊಡಿ ಅಂದರು. ಅಡ್ಡಡ್ಡ ಎರಡು ಗೀಟು ಎಳೆದು, ನಡುವೆ ಕ್ಯಾನ್ಸಲ್ಡ್ ಅಂತ ಬರೆದು ಕೊಟ್ಟೆ. ರದ್ದಾದ ಚೆಕ್ಕಿನಿಂದ ಇವರಿಗೇನು ಉಪಯೋಗ? ಈ ಪದ ಬಂದಿದ್ದಾದರೂ ಎಲ್ಲಿಂದ?

ಉತ್ತರ: ನೀವು ಎಳೆದ ಗೀಟುಗಳೇ ಆ ಪದದ ಅರ್ಥ! ಲ್ಯಾಟಿನ್‌ನಲ್ಲಿ ‘ಕ್ಯಾಂಚೆಲ್ಲಿ’ ಅಂದರೆ ಜಾಲರಿ, ಕಂಬಿ ಹಾಕಿದ ತಡೆ. ರೋಮನ್ನರು ಇದನ್ನು ‘ಕಾಂಕೆಲ್ಲಿ’ ಅಂತ ಉಚ್ಚರಿಸುತ್ತಿದ್ದರು, ‘ಚ’ ಆಮೇಲೆ ಬಂದಿದ್ದು. ಇದರಿಂದ ‘ಕಾಂಕೆಲ್ಲಾರೆ’ ಎಂಬ ಕ್ರಿಯಾಪದವಾಯಿತು. ಬರಹದ ಮೇಲೆ ಜಾಲರಿಯಂತೆ ಗೀಟು ಎಳೆದು ಹೊಡೆದು ಹಾಕುವುದು ಅಂತ ಅರ್ಥ. ಅದು ಫ್ರೆಂಚ್ ಮೂಲಕ 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು.

ನನಗೆ ಇಷ್ಟವಾಗುವುದು ಒಂದು ವಿಷಯ. ಹೊಡೆದು ಹಾಕುವುದು ಬೇರೆ, ಅಳಿಸುವುದು ಬೇರೆ. ಜಾಲರಿಯ ಸಂದಿಯಿಂದ ಆಚೆ ಇರುವುದು ಕಾಣುತ್ತದೆ ಅಲ್ವಾ? ಸಾಲಪತ್ರಕ್ಕೆ ಗೀಟು ಬಿದ್ದರೆ ಅದು ನಡೆಯುವುದಿಲ್ಲ, ಆದರೆ ಯಾರು, ಎಷ್ಟು ಅಂತ ಓದಬಹುದು. ನಿಮ್ಮ ಚೆಕ್ಕೂ ಹಾಗೇ. ಯಾರೂ ಅದರಿಂದ ದುಡ್ಡು ತೆಗೆಯಲಾರರು. ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮಾತ್ರ ಕಾಣುತ್ತವೆ. ಅವರಿಗೆ ಬೇಕಾಗಿದ್ದೂ ಅಷ್ಟೇ. (ಅದರ ಮೇಲೆ ಸಹಿ ಹಾಕಿಲ್ಲ ತಾನೆ? ಹಾಕುವ ಅಗತ್ಯವಿಲ್ಲ.)

ಚಾನ್ಸಲರ್ ಕೂಡ ಇದೇ ಮನೆಯವರು! ರೋಮನ್ ನ್ಯಾಯಾಲಯದಲ್ಲಿ ಕಂಬಿ ತಡೆಯ ಬಳಿ ನಿಂತಿರುತ್ತಿದ್ದ ಸಿಬ್ಬಂದಿ ‘ಕಾಂಕೆಲ್ಲಾರಿಯುಸ್’. ಬಾಗಿಲು ಕಾಯುವವನು ಮುಂದೆ ಕಾರ್ಯದರ್ಶಿಯಾದ, ಆಮೇಲೆ ದೊಡ್ಡ ಅಧಿಕಾರಿಯಾದ. ಈಗ ಜರ್ಮನಿಯ ಸರ್ಕಾರ ನಡೆಸುವವರೂ ಚಾನ್ಸಲರ್, ನಮ್ಮ ವಿಶ್ವವಿದ್ಯಾಲಯಗಳ ಕುಲಾಧಿಪತಿಯೂ ಚಾನ್ಸಲರ್. ಎಂಥ ಬಡ್ತಿ ನೋಡಿ!

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಕ್ಯಾನ್ಸರ್ ಕಾಯಿಲೆಗೂ ಇದಕ್ಕೂ ನಂಟಿದೆಯಾ?

ಉತ್ತರ: ಇಲ್ಲ, ಸುಮ್ನೆ ಕಿವಿಗೆ ಒಂದೇ ಥರ ಕೇಳಿಸುತ್ತದೆ. ಆ ಕ್ಯಾನ್ಸರ್ ಲ್ಯಾಟಿನ್‌ನ ಏಡಿ. ಗ್ರೀಕ್‌ನಲ್ಲಿ ‘ಕಾರ್ಕಿನೋಸ್’, ಸಂಸ್ಕೃತದಲ್ಲಿ ‘ಕರ್ಕಟ’. ನಮ್ಮ ಕರ್ಕಾಟಕ ರಾಶಿ ಇದೆಯಲ್ಲ, ಅದೇ. ಜಾಲರಿಯ ಪದಕ್ಕೆ ಹತ್ತಿರದ ನೆಂಟ ಬೇರೆ, ‘ಕಾರ್ಕೆರ್’ ಅಂತ. ಅಂದರೆ ಜೈಲು. ಅಲ್ಲಿ ಕಂಬಿ ಎಣಿಸಬೇಕಷ್ಟೆ.

ಮೊದಲು ಕೇಳಿದವರು: ಸಹಿ ಹಾಕಿ ಕೊಟ್ಟುಬಿಟ್ಟಿದ್ದೇನೆ ಮೇಡಂ!

ಉತ್ತರ: ಗಾಬರಿ ಬೇಡ, ಗೀಟು ದಪ್ಪಗಿದೆ ಅಲ್ವಾ? ಆದರೂ ವಾಪಸ್ ತಗೊಂಡು, ಸಹಿ ಇಲ್ಲದ್ದು ಕೊಡಿ.