ಪುಟ್ಟಿ, ಮೊದಲು ಚಕ್ರ ಬಿಚ್ಚಿಸಿ ನೋಡು

ಪುಟ್ಟಿ, ನಿನ್ನ ಕಾರಿನ ಬ್ರೇಕ್ ರಿಪೇರಿಗೆ ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟ್, ಬೆಳಿಗ್ಗೆ ನೀನು ಮನೆಯವರ ಗ್ರೂಪಿಗೆ ಹಾಕಿದ ಫೋಟೋ, ಈಗ ನೋಡಿದೆ. ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ಕೂತಿದ್ದೆ, ಅದಕ್ಕೇ ತಡ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಮುಂದಿನ ಪ್ಯಾಡ್, ಎರಡು ಡಿಸ್ಕ್, ಹಿಂದಿನ ಶೂ, ಬ್ರೇಕ್ ಆಯಿಲ್, ಎಲ್ಲಾ ಸೇರಿ 19 ಸಾವಿರ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗೋ ತಟ್ಟೆ, ಅದನ್ನು ಒಳಗಿನಿಂದ, ಹೊರಗಿನಿಂದ ಒತ್ತಿ ಹಿಡಿಯೋದು ಪ್ಯಾಡ್; ಹಿಂದಿನ ಚಕ್ರದಲ್ಲಿ ಡ್ರಮ್ಮಿನೊಳಗೆ ಆ ಕೆಲಸ ಶೂದು. ಭಾವ "ಎಲ್ಲಾ ದುಡ್ಡು ಕೀಳೋ ಆಟ" ಅಂದಿದ್ದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಅದು ಪೂರ್ತಿ ಸರಿಯಲ್ಲ. ಎರಡು ವಾರದಿಂದ ಬ್ರೇಕ್ ಒತ್ತಿದಾಗೆಲ್ಲ ಕಿರ್ರ್ ಅನ್ನುತ್ತದೆ ಅಂತ ಪುಟ್ಟಿಯೇ ಬರೆದಿದ್ದಾಳಲ್ಲ. ಮಳೆ ಬಂದ ಮಾರನೇ ದಿನ ಡಿಸ್ಕಿಗೆ ತೆಳ್ಳಗೆ ತುಕ್ಕು ಹಿಡಿದು ಸದ್ದು ಬರುತ್ತದೆ, ಆದರೆ ಅದು ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ದಿನಾ ಬಂದರೆ ಪ್ಯಾಡ್ ಸವೆದಿರಬಹುದು. ಎಷ್ಟೋ ಪ್ಯಾಡಿನಲ್ಲಿ ಒಂದು ಸಣ್ಣ ತಗಡಿನ ನಾಲಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಅದನ್ನು ಇಟ್ಟಿರೋದೇ ಅದಕ್ಕೆ.

ನಾನು ಹಳೇ ಗಾಡಿಯಲ್ಲಿ ಆ ಸದ್ದಿಗೆ ರೇಡಿಯೋ ಜೋರು ಮಾಡಿಕೊಂಡು ಒಂದು ತಿಂಗಳು ಓಡಿಸಿದೆ. ಆಮೇಲೆ ಕಿರ್ರ್ ಹೋಗಿ ಗರಗರ ಶುರುವಾಯಿತು. ಬಿಚ್ಚಿದರೆ ಹೊರಗಿನ ಪ್ಯಾಡ್ ಚೆನ್ನಾಗೇ ಇದೆ, ಒಳಗಿನದು ಬರೀ ತಗಡು. ಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಬರೀ ಪ್ಯಾಡಿನಲ್ಲಿ ಮುಗಿಯಬೇಕಿದ್ದದ್ದು ಡಿಸ್ಕ್ ತನಕ ಹೋಯಿತು. ಅದಕ್ಕೇ ಹೇಳೋದು, ಚಕ್ರ ಬಿಚ್ಚಿಸಿ ಒಳಗಿನದು, ಹೊರಗಿನದು ಎರಡೂ ನೋಡು. ಹೊಸ ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜೋ ಪದರ, ಸುಮಾರು 10 ಮಿಲಿಮೀಟರ್ ಇರುತ್ತದೆ. 3ಕ್ಕೆ ಬಂದಿದ್ದರೆ ಚೌಕಾಸಿ ಬೇಡ, ಹಾಕಿಸು. 6 ಇದ್ದರೆ ಸದ್ದಿಗೆ ಸವೆತ ಕಾರಣ ಅಲ್ಲ, ಬೇರೆ ಏನೋ ಇರಬೇಕು.

ನನಗೆ ಅನುಮಾನ ಡಿಸ್ಕಿನ ಮೇಲೆ. ದುಡ್ಡೂ ಅಲ್ಲೇ ಜಾಸ್ತಿ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಅನ್ನೋ ಅಂಕಿ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತದೆ. ಮೆಕ್ಯಾನಿಕ್‌ಗೆ "ಅಣ್ಣಾ, ವರ್ನಿಯರ್ ಇಟ್ಟು ತೋರಿಸಿ" ಅನ್ನು, ವರ್ನಿಯರ್ ಅಂದರೆ ದಪ್ಪ ಅಳೆಯೋ ಸಾಧನ. ಅಳತೆ ಆ ಅಂಕಿಗಿಂತ ಮೇಲಿದ್ದು, ಬಿರುಕಿಲ್ಲ, ಆಳದ ಗೀರಿಲ್ಲ, ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗೋದಿಲ್ಲ ಅಂದರೆ ಬದಲಾಯಿಸುವ ಅಗತ್ಯ ಇಲ್ಲ. ಸಣ್ಣ ಗೆರೆ, ಅಂಚಿನಲ್ಲಿ ಸ್ವಲ್ಪ ಉಬ್ಬು, ಇವೆಲ್ಲ ಮಾಮೂಲು. ಬರೀ ಅದನ್ನೇ ತೋರಿಸಿ "ಹೋಗಿದೆ ಮೇಡಂ" ಅಂದರೆ ಒಪ್ಪಬೇಡ.

ಹಿಂದಿನ ಶೂ ವಿಷಯದಲ್ಲಿ ಒಂದೇ ಪ್ರಶ್ನೆ: ಮೆಕ್ಯಾನಿಕ್ ಡ್ರಮ್ ಬಿಚ್ಚಿ ನೋಡಿದನಾ? ಬ್ರೇಕಿನ ಹೆಚ್ಚಿನ ಭಾರ ಮುಂದಿನ ಚಕ್ರದ್ದು, ಹಿಂದಿನ ಶೂ ಬಹಳ ದಿನ ಬರುತ್ತದೆ, ಅದಕ್ಕೇ ಬಿಚ್ಚಿ ನೋಡದೆ ಹೇಳಿದ್ದರೆ ಒಪ್ಪಬೇಡ.

ಬ್ರೇಕ್ ಆಯಿಲ್ ಮಾತ್ರ ಹಾಕಿಸಿಬಿಡು. ಗಾಡಿ ತಗೊಂಡು ಮೂರು ವರ್ಷ ಆಯಿತು, ಒಂದು ಸಲಾನೂ ಬದಲಾಯಿಸಿಲ್ಲ, ಅಲ್ವಾ? ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಬರುವ ವಾರ ಧರ್ಮಸ್ಥಳಕ್ಕೆ ಹೊರಟಿದ್ದೀರಿ. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋದರೆ ಬಿಸಿಗೆ ಆ ನೀರು ಆವಿಯಾಗಿ, ಬ್ರೇಕ್ ಹಿಡಿಯದೆ ಪೆಡಲ್ ಒಳಕ್ಕೆ ಹೋಗಿಬಿಡಬಹುದು. ಇಳಿಜಾರಿನಲ್ಲಿ ಸೆಕೆಂಡ್ ಗೇರಲ್ಲಿ ಇಳಿ, ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ. ಆಯಿಲಿನ ದರ್ಜೆ ಡಾಟ್ 3 ಹಾಕಬೇಕೋ ಡಾಟ್ 4 ಹಾಕಬೇಕೋ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ, ಬಾನೆಟ್ ತೆಗೆದರೆ ಕಾಣುತ್ತದೆ.

ಈಗ ಗರಗರ ಅಂದರೆ, ಪೆಡಲ್ ಮೆತ್ತಗಾದರೆ, ಇಲ್ಲಾ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆದರೆ ಓಡಿಸಲೇಬೇಡ, ನಾಳೆ ಆಫೀಸಿಗೆ ಮೆಟ್ರೋದಲ್ಲಿ ಹೋಗು. ಬರೀ ಕಿರ್ರ್ ಆದರೆ ನಿಧಾನಕ್ಕೆ ಓಡಿಸಿಕೊಂಡು ಶನಿವಾರ ಗ್ಯಾರೇಜಿಗೆ ಬಾ, ನಾನೂ ಬರುತ್ತೇನೆ. ಬಿಚ್ಚಿದ ಹಳೇ ಸಾಮಾನು ನಮಗೇ ಕೊಡಬೇಕು ಅಂತ ಈಗಲೇ ಫೋನ್ ಮಾಡಿ ಹೇಳಿಬಿಡು. ವರ್ನಿಯರ್ ನನ್ನ ಹತ್ತಿರವೇ ಇದೆ. ಅಕ್ಕಾ, ಶನಿವಾರ ತಿಂಡಿ ನಿಮ್ಮನೇಲೇ.