ಮಂಡ್ಯ ಕಡೆಯ ಹಳೇ ಮದುವೆ ದಾಖಲೆ ಎಲ್ಲಿ ಸಿಗುತ್ತೆ?

ಪ್ರಶ್ನೆ: ಮುತ್ತಜ್ಜನ ಮದುವೆ 1930ರ ಆಸುಪಾಸು, ಮದ್ದೂರು ಕಡೆ. ಮುತ್ತಜ್ಜಿಯ ತವರು ಗೊತ್ತಾಗಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತಾ?

ಉತ್ತರ 1: ಹಿಂದೂ ಮದುವೆಯಾದರೆ ನೋಂದಣಿ ಹುಡುಕಬೇಡಿ ಸರ್, ಆಗ ಆ ರೂಢಿಯೇ ಇರಲಿಲ್ಲ, ರಾಜ್ಯದ ಮದುವೆ ನೋಂದಣಿ ಕಾಯ್ದೆಯೇ 1976ರದ್ದು. ಅದೇ ಕಚೇರಿಯಲ್ಲಿ ವಿಭಾಗಪತ್ರ, ದಾನಪತ್ರದ ನಕಲಿಗೆ ಅರ್ಜಿ ಕೊಡಿ. ಹೆಣ್ಣುಮಕ್ಕಳ ಹೆಸರಿನ ಜೊತೆ ಗಂಡ, ತಂದೆ, ಊರು ಬರೆದಿರೋದುಂಟು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಹಿಂದಿನ ಪತ್ರಗಳಲ್ಲಿ ‘ಮೈಸೂರು ಜಿಲ್ಲೆ’ ಅಂತಲೇ ಇರುತ್ತೆ, ‘ಮಂಡ್ಯ’ ಅಂತ ಹುಡುಕಿದರೆ ತಪ್ಪಿಹೋಗುತ್ತೆ.

ಉತ್ತರ 2: ಹೆಳವರನ್ನು ಖಂಡಿತ ಕೇಳಿ. ವಂಶಾವಳಿ ಅವರ ಕುಲಕಸುಬು. ಗಂಡುಮಕ್ಕಳ ಸಾಲನ್ನೇ ಓದಿಬಿಡ್ತಾರೆ. ಹೆಣ್ಣು ಯಾವ ಊರಿಂದ, ಯಾವ ಮನೆದೇವರ ಒಕ್ಕಲಿಂದ ಬಂದಳು ಅಂತ ನೀವೇ ಬಿಡಿಸಿ ಕೇಳಬೇಕು.

ಉತ್ತರ 3: ಕಥೋಲಿಕರಾದರೆ ಚರ್ಚಿನ ಮದುವೆ ರಿಜಿಸ್ಟರೇ ಚಿನ್ನ. ಹಳೆಯವು ಹೆಚ್ಚಾಗಿ ಲ್ಯಾಟಿನ್‌ನಲ್ಲಿ, ಜಾನ್ ಅಲ್ಲಿ ‘ಯೊಹಾನ್ನೆಸ್’. ಮೊದಲು ವಧುವಿನ ಊರಿನ ಚರ್ಚಲ್ಲಿ ನೋಡಿ.