ಕಾಡುದಾರಿಯ ಸವಾರಿಯ ಮರುದಿನ ಹಿಂದಿನ ಟ್ಯೂಬ್‌ಲೆಸ್ ಟೈರ್ ಪೂರ್ತಿ ಇಳಿದಿರುತ್ತದೆ: ಕಾರಣ ಹುಡುಕುವುದು ಹೇಗೆ?

ಕಾಗಿಣಾತೀರ, ಸೇಡಂ:

ಎಲ್ಲರಿಗೂ ನಮಸ್ಕಾರ. ನನ್ನ ಗ್ರಾವೆಲ್ ಸೈಕಲ್ಲಿನ (ಕಚ್ಚಾ ದಾರಿಗೆಂದು ಮಾಡಿದ ಸೈಕಲ್) ಹಿಂದಿನ ಗಾಲಿಯ ಬಗ್ಗೆ ಅನುಭವಸ್ಥರ ಸಲಹೆ ಬೇಕಾಗಿದೆ. ಟೈರ್ 700×40 ಅಳತೆಯ ಟ್ಯೂಬ್‌ಲೆಸ್, ರಿಮ್ ಅಲ್ಯೂಮಿನಿಯಂನದು, ಅದರ ಒಳ ಅಗಲ 23 ಮಿ.ಮೀ. ನನ್ನ ತೂಕ 70 ಕೆ.ಜಿ. ಆಸುಪಾಸಿನಲ್ಲಿದ್ದು, ಹಿಂದಿನ ಟೈರಿಗೆ 36 ಪಿಎಸ್‌ಐ ಗಾಳಿ ಹಾಕುತ್ತೇನೆ.

ಸವಾರಿ ಹೆಚ್ಚಾಗಿ ಚಿಂಚೋಳಿಯ ಕಡೆಗೆ. ಎರೆ ಹೊಲಗಳ ನಡುವಿನ ಬಂಡಿದಾರಿ ಹಿಡಿದು, ಕಲ್ಲಿನ ಖಣಿಗಳ ಪಕ್ಕದ ಚೂರುಗಲ್ಲಿನ ರಸ್ತೆ ದಾಟಿ, ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕೆಂಪು ಮೊರಂ ದಾರಿ ಸೇರುತ್ತೇನೆ. ದಾರಿಯಲ್ಲಿ ಎಲ್ಲಿಯೂ ಗಾಳಿ ಹೋಗುವ ಸದ್ದು ಕೇಳುವುದಿಲ್ಲ. ಮನೆಗೆ ಬಂದು ಹೆಬ್ಬೆರಳಿನಿಂದ ಒತ್ತಿದರೆ ಟೈರ್ ಗಟ್ಟಿಯಾಗಿಯೇ ಇರುತ್ತದೆ. ಆದರೆ ಮರುದಿನ ಬೆಳಿಗ್ಗೆ ರಿಮ್ ನೆಲಕ್ಕೆ ತಾಗಿರುತ್ತದೆ. ಸವಾರಿ ಮಾಡದೆ ಮನೆಯಲ್ಲಿ ನಿಲ್ಲಿಸಿದ ದಿನಗಳಲ್ಲಿ ಇಳಿಯುವುದು ಬಹಳ ಕಡಿಮೆ. ಹೊಸ ಸೀಲೆಂಟ್ (ತೂತು ತಾನಾಗಿ ಮುಚ್ಚಲೆಂದು ಟೈರಿನೊಳಗೆ ಹಾಕುವ ದ್ರವ) ಹಾಕಿಯಾಗಿದೆ, ವ್ಯತ್ಯಾಸವಾಗಲಿಲ್ಲ. ಇನ್ನಷ್ಟು ಸೀಲೆಂಟ್ ಸುರಿಯಬೇಕೇ ಅಥವಾ ಟೈರನ್ನೇ ಬದಲಾಯಿಸಬೇಕೇ?

ಮಾಂಜ್ರಾ, ಬೀದರ್:

ಎರಡನ್ನೂ ಸದ್ಯಕ್ಕೆ ಮಾಡಬೇಡಿ. ಗಾಳಿ ಎಲ್ಲಿಂದ ಹೋಗುತ್ತಿದೆ ಎಂಬುದು ತಿಳಿಯುವ ಮೊದಲು ಸೀಲೆಂಟ್ ಸುರಿಯುವುದು ದುಡ್ಡು ದಂಡ. ಟೈರಿನ ಮೈಯಲ್ಲಿ ಮುಳ್ಳು ಮಾಡಿದ ತೂತನ್ನು ಅದು ಮುಚ್ಚುತ್ತದೆ, ಆದರೆ ಕಡ್ಡಿಗಳ ತೂತು ಮುಚ್ಚಲು ರಿಮ್ಮಿನ ಒಳಗೆ ಅಂಟಿಸಿದ ಟೇಪು ಸರಿದಿದ್ದರೆ ಅಥವಾ ರಿಮ್ಮಿನ ಅಂಚು ಕಲ್ಲಿಗೆ ಬಡಿದು ಬಾಗಿದ್ದರೆ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ.

ಬಿಸಿಲಿನ ಲೆಕ್ಕವನ್ನು ಮೊದಲು ಬದಿಗಿಡೋಣ, ಏಕೆಂದರೆ ನಮ್ಮ ಭಾಗದಲ್ಲಿ ಏಪ್ರಿಲ್ ಬಂತೆಂದರೆ ಈ ಗೊಂದಲ ಅನೇಕರಿಗೆ ಆಗುತ್ತದೆ. ಮಧ್ಯಾಹ್ನ 42 ಡಿಗ್ರಿಯಲ್ಲಿ 36 ಪಿಎಸ್‌ಐ ತೋರಿಸಿದ ಟೈರು ಬೆಳಗಿನ ಜಾವದ 26 ಡಿಗ್ರಿಯಲ್ಲಿ ಯಾವ ಸೋರಿಕೆಯೂ ಇಲ್ಲದೆ ಸುಮಾರು 33ರಿಂದ 34 ತೋರಿಸುತ್ತದೆ. ಗಾಳಿ ತಣಿದಾಗ ಒತ್ತಡ ಇಳಿಯುವುದು ಸಹಜ. ಆದರೆ ರಿಮ್ ನೆಲಕ್ಕೆ ತಾಗುವಷ್ಟು ಇಳಿಯುವುದು ಇದರಿಂದ ಸಾಧ್ಯವಿಲ್ಲ, ನಿಮ್ಮಲ್ಲಿರುವುದು ನಿಜವಾದ ಸೋರಿಕೆಯೇ.

ಒಂದು ದೊಡ್ಡ ಪರಾತದಲ್ಲಿ ನೀರು ತುಂಬಿ, ಗಾಲಿಯನ್ನು ಬಿಚ್ಚಿ, 40 ಪಿಎಸ್‌ಐ ಗಾಳಿ ಹಾಕಿ, ಭಾಗ ಭಾಗವಾಗಿ ಮುಳುಗಿಸಿ ನೋಡಿ. ಬಟ್ಟೆಯ ಸೋಪಿನ ನೀರನ್ನು ಹಳೆಯ ಬ್ರಶ್ಶಿನಿಂದ ಸವರಿದರೂ ಆಗುತ್ತದೆ. ಟೈರಿನ ಮೈ, ಟೈರು ಮತ್ತು ರಿಮ್ ಸೇರುವ ಅಂಚು, ವಾಲ್ವಿನ ಬುಡ, ಕಡ್ಡಿಗಳು ರಿಮ್ಮಿಗೆ ಸೇರುವ ನಿಪ್ಪಲ್‌ಗಳು, ಇವುಗಳಲ್ಲಿ ಗುಳ್ಳೆ ಎಲ್ಲಿ ಏಳುತ್ತದೆ ಎಂಬುದನ್ನು ತಿಳಿಸಿ. ಸವಾರಿ ಮುಗಿಸಿ ಬಂದ ದಿನವೇ ಇದನ್ನು ಮಾಡುವುದು ಒಳ್ಳೆಯದು.

ಸಗರನಾಡು, ಶಹಾಪುರ:

ಮುಳ್ಳನ್ನು ಅಷ್ಟು ಬೇಗ ಬಿಟ್ಟುಬಿಡಬೇಡಿ. ಬಂಡಿದಾರಿ ಎಂದಿರಿ, ಆದ್ದರಿಂದ ನೆಗ್ಗಿಲು ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಹಳದಿ ಹೂ ಬಿಟ್ಟು ನೆಲಕ್ಕಂಟಿ ಹಬ್ಬುವ ಈ ಬಳ್ಳಿಯ ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ. ಹೋಳು ಹೇಗೆ ಬಿದ್ದರೂ ಅದರ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಗ್ರಾವೆಲ್ ಟೈರಿನ ಗುಬಟುಗಳ ನಡುವಿನ ರಬ್ಬರ್ ತೆಳು, ಅದನ್ನು ದಾಟಿ ಒಳಗೆ ಹೋಗುವಷ್ಟು ಉದ್ದ ಈ ಮುಳ್ಳಿಗಿದೆ. ಹೊಲದ ಬೇಲಿಗೆ ಕಡಿದು ಹಾಕಿದ ಬಳ್ಳಾರಿ ಜಾಲಿಯ ಮುಳ್ಳಂತೂ ಇನ್ನೂ ಉದ್ದ.

ಟೈರನ್ನು ಬಿಚ್ಚಿದಾಗ ಒಳಮೈಯ ಸೀಲೆಂಟ್ ಒರೆಸಿ ಒಣಗಿಸಿ, ಒಂದು ಹಿಡಿ ಹತ್ತಿಯನ್ನು ಸುತ್ತಲೂ ಮೆಲ್ಲಗೆ ಸವರಿಕೊಂಡು ಹೋಗಿ. ಕಣ್ಣಿಗೆ ಕಾಣದ, ಬೆರಳಿಗೂ ಸಿಗದ ಮುರಿದ ಮುಳ್ಳಿನ ತುದಿ ಇದ್ದರೆ ಅಲ್ಲಿ ಹತ್ತಿಯ ಒಂದು ಎಳೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ಬೆರಳಿನಿಂದ ಹುಡುಕಿ ಬೆರಳು ಚುಚ್ಚಿಸಿಕೊಳ್ಳುವುದಕ್ಕಿಂತ ಇದು ಲೇಸು, ಮೇಲಾಗಿ ನಮ್ಮ ಜಿಲ್ಲೆಯಲ್ಲಿ ಹತ್ತಿಗೇನೂ ಬರವಿಲ್ಲ.

ಹೊರಗಿನಿಂದ ಮುಳ್ಳು ಕಂಡರೆ ಇಕ್ಕಳದಿಂದ ಕಿತ್ತ ಕೂಡಲೇ ಆ ತೂತು ಕೆಳಗೆ ಬರುವಂತೆ ಗಾಲಿಯನ್ನು ತಿರುಗಿಸಿ ಒಂದೆರಡು ನಿಮಿಷ ಹಾಗೆಯೇ ಇಡಿ. ಸೀಲೆಂಟ್ ತಳದಲ್ಲಿ ನಿಲ್ಲುವುದರಿಂದ ತೂತು ಮೇಲಿದ್ದರೆ ಅದಕ್ಕೆ ತಲುಪುವುದೇ ಇಲ್ಲ.

ಕಾಗಿಣಾತೀರ, ಸೇಡಂ:

ಇಬ್ಬರಿಗೂ ಧನ್ಯವಾದಗಳು. ಸವಾರಿ ಮುಗಿಸಿ ಬಂದ ಸಂಜೆಯೇ ಪರೀಕ್ಷೆ ಮಾಡಿದೆ. ಟೈರಿನ ಮೈಯಲ್ಲಿ ನೆಗ್ಗಿಲು ಮುಳ್ಳುಗಳು ಸಿಕ್ಕವು, ಆದರೆ ಕಿತ್ತ ಮೇಲೆ ಎಲ್ಲವೂ ಮುಚ್ಚಿಕೊಂಡವು. ಗುಳ್ಳೆಗಳು ಏಳುತ್ತಿರುವುದು ವಾಲ್ವಿನ ಬುಡದಿಂದ, ಜೊತೆಗೆ ವಾಲ್ವಿನ ಎದುರು ಬದಿಯ ನಾಲ್ಕಾರು ನಿಪ್ಪಲ್‌ಗಳಿಂದ. ಒಂದು ನಿಪ್ಪಲಿನ ಸುತ್ತ ಬಿಳಿಯ ಸೀಲೆಂಟ್ ಕೆನೆಗಟ್ಟಿದಂತೆ ಒಣಗಿದೆ. ಹಾಗಾದರೆ ಸೋರಿಕೆ ಎರಡು ಕಡೆ ಇದೆಯೇ?

ಮಾಂಜ್ರಾ, ಬೀದರ್:

ಎರಡು ಕಡೆ ಇರಬೇಕೆಂದೇನೂ ಇಲ್ಲ. ರಿಮ್ ಒಳಗೆ ಪೊಳ್ಳಾಗಿರುತ್ತದೆ. ಟೇಪು ಒಂದು ಕಡೆ ಬಿಟ್ಟಿದ್ದರೂ ಗಾಳಿ ಆ ಪೊಳ್ಳಿನಲ್ಲಿ ಸುತ್ತಿ, ತನಗೆ ಸುಲಭವೆನಿಸಿದ ನಿಪ್ಪಲಿನಿಂದಲೋ ವಾಲ್ವಿನ ತೂತಿನಿಂದಲೋ ಹೊರಬರುತ್ತದೆ. ಆದ್ದರಿಂದ ಗುಳ್ಳೆ ಕಂಡ ಜಾಗವೇ ಸೋರಿಕೆಯ ಜಾಗವೆಂದು ತಿಳಿದು ಆ ನಿಪ್ಪಲಿಗೆ ಅಂಟು ಹಚ್ಚುವುದು ಬೇಡ. ಕೆನೆಗಟ್ಟಿದ ಸೀಲೆಂಟ್ ಇನ್ನೊಂದು ವಿಷಯವನ್ನೂ ಹೇಳುತ್ತದೆ: ನೀವು ಹಾಕಿದ ಹೊಸ ಸೀಲೆಂಟಿನ ಒಂದು ಪಾಲು ಟೇಪಿನ ಕೆಳಗೆ ನುಗ್ಗಿ ವ್ಯರ್ಥವಾಗಿದೆ.

ಸವಾರಿಯ ನಂತರವೇ ಹೆಚ್ಚು ಇಳಿಯುವುದೂ ಇದಕ್ಕೆ ಹೊಂದುತ್ತದೆ. ಬಿಸಿಲಿಗೆ ಟೇಪಿನ ಅಂಟು ಮೆತ್ತಗಾಗಿರುತ್ತದೆ. ಚೂರುಗಲ್ಲಿನ ಮೇಲಿನ ಕುಲುಕಾಟಕ್ಕೆ ಟೈರಿನ ಅಂಚು ಟೇಪನ್ನು ಉಜ್ಜುತ್ತದೆ. ಅಲ್ಲಿ ಹೇಗೋ ಮುಚ್ಚಿಕೊಂಡಿದ್ದ ಸೀಲೆಂಟಿನ ಪೊರೆ ಹರಿಯುತ್ತದೆ.

ಹಳೆಯ ಟೇಪನ್ನು ಪೂರ್ತಿ ಕಿತ್ತು ಹೊಸದನ್ನು ಹಾಕಿ. ನಿಮ್ಮ ರಿಮ್ಮಿನ ಒಳ ಅಗಲ 23 ಮಿ.ಮೀ. ಆದ್ದರಿಂದ 25ರಿಂದ 27 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೇಪು ಬೇಕು. ಅಂಚಿನಿಂದ ಅಂಚಿಗೆ ಹಾಸಿ, ಬದಿಯ ಗೋಡೆಗೂ ಸ್ವಲ್ಪ ಏರಬೇಕು. ಎಲೆಕ್ಟ್ರಿಕ್ ಕೆಲಸದ ಇನ್ಸುಲೇಷನ್ ಟೇಪನ್ನು ಖಂಡಿತ ಬಳಸಬೇಡಿ, ನಮ್ಮ ಬಿಸಿಲಿಗೆ ಅದರ ಅಂಟು ಜಾರುತ್ತದೆ. ರಿಮ್ಮನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ, ಬಟ್ಟೆಗೆ ಕೊಳೆ ಹತ್ತದಂತಾಗುವವರೆಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಈ ಕೆಲಸದಲ್ಲಿ ಹೆಚ್ಚಿನ ಹೊತ್ತು ಹೋಗಬೇಕಾದದ್ದು ಇಲ್ಲಿಯೇ. ಅಂಚಿನ ತೋಡಿನಲ್ಲಿ ಕುಳಿತ ಮೊರಂ ಪುಡಿಯ ಮೇಲೆ ಎಷ್ಟು ಬೆಲೆಯ ಟೇಪು ಹಾಕಿದರೂ ನಿಲ್ಲುವುದಿಲ್ಲ. ಅನಂತರ ಟೇಪನ್ನು ಬಲವಾಗಿ ಎಳೆದು ಹಿಡಿದುಕೊಂಡೇ ಸುತ್ತಿ, ವಾಲ್ವಿನ ತೂತಿನ ಎರಡೂ ಬದಿಗೆ ಸುಮಾರು 10 ಸೆಂ.ಮೀ. ಎರಡು ಪದರ ಬರುವಂತೆ ಮುಗಿಸಿ. ವಾಲ್ವಿನ ತೂತನ್ನು ಬ್ಲೇಡಿನಿಂದ ಕೊಯ್ಯದೆ, ಕಾಯಿಸಿದ ದಬ್ಬಳದಿಂದ ಚಿಕ್ಕದಾಗಿ ಮಾಡಿ. ಕೊಯ್ದ ಗೆರೆ ಮುಂದೆ ಹರಿಯುತ್ತ ಹೋಗುತ್ತದೆ, ಸುಟ್ಟ ತೂತಿನ ಅಂಚು ಕರಗಿ ಗಟ್ಟಿಯಾಗುತ್ತದೆ.

ಕೂಡಲೇ ಸೀಲೆಂಟ್ ಹಾಕಬೇಡಿ. ಟ್ಯೂಬ್ ಹಾಕಿ, ಗಾಳಿ ತುಂಬಿ ಒಂದು ರಾತ್ರಿ ಇಟ್ಟರೆ ಅದರ ಒತ್ತಡಕ್ಕೆ ಟೇಪು ರಿಮ್ಮಿಗೆ ಚೆನ್ನಾಗಿ ಕೂರುತ್ತದೆ. ಮರುದಿನ ಟೈರಿನ ಒಂದು ಬದಿಯನ್ನು ಮಾತ್ರ ಬಿಡಿಸಿ ಟ್ಯೂಬನ್ನು ತೆಗೆಯಿರಿ, ಇನ್ನೊಂದು ಬದಿ ಕೂತೇ ಇರಲಿ.

ಸಗರನಾಡು, ಶಹಾಪುರ:

ಬಿಡಿಸಿದ ಬದಿಯನ್ನು ಗಾಳಿಯ ರಭಸದಿಂದ ಮತ್ತೆ ರಿಮ್ಮಿಗೆ ಕೂರಿಸಲು ಪಂಕ್ಚರ್ ಅಂಗಡಿಗೆ ಹೋಗುವುದಾದರೆ ಒಂದು ಎಚ್ಚರಿಕೆ. ಪ್ರೆಸ್ಟಾ ವಾಲ್ವಿಗೆ (ಇಂಥ ಸೈಕಲ್ಲುಗಳಲ್ಲಿರುವ ಸಣಕಲು ವಾಲ್ವು) ಹೊಂದುವ ಅಡಾಪ್ಟರನ್ನು ನೀವೇ ಒಯ್ಯಬೇಕಾಗುತ್ತದೆ. ಲಾರಿ, ಟ್ರ್ಯಾಕ್ಟರ್ ಗಾಲಿಗಳಿಗೆ ತುಂಬುವ ಕಂಪ್ರೆಸರ್‌ನಿಂದ ಸೈಕಲ್ ಟೈರಿಗೆ ಗಾಳಿ ಕ್ಷಣದಲ್ಲಿ ಮಿತಿ ಮೀರುತ್ತದೆ. ಟೈರಿನ ಮೇಲೆ ಹಾಗೂ ರಿಮ್ಮಿನ ಮೇಲೆ ಬರೆದಿರುವ ಗರಿಷ್ಠ ಒತ್ತಡಗಳಲ್ಲಿ ಕಡಿಮೆ ಇರುವುದನ್ನೇ ಮಿತಿಯೆಂದು ತಿಳಿಯಿರಿ. ಟೈರನ್ನು ಹಿಡಿಯುವ ಕೊಕ್ಕೆಯಿಲ್ಲದ (ಹುಕ್‌ಲೆಸ್) ಅಂಚಿನ ರಿಮ್ ಆಗಿದ್ದರೆ ಒತ್ತಡ ಯಾವ ಕಾರಣಕ್ಕೂ 72.5 ಪಿಎಸ್‌ಐ ದಾಟಬಾರದು. ಟಪ್ ಎಂದು ಅಂಚು ಕೂತ ಸದ್ದು ಕೇಳಿದೊಡನೆ ನಿಲ್ಲಿಸಲು ಹೇಳಿ.

ಕಾಗಿಣಾತೀರ, ಸೇಡಂ:

ಹಳೆಯ ಟೇಪು ಕಿತ್ತಾಗ ಕಾರಣ ಸ್ಪಷ್ಟವಾಯಿತು. ಸೈಕಲ್ ಅಂಗಡಿಯಲ್ಲಿ ಹಾಕಿಕೊಟ್ಟಿದ್ದ ಟೇಪು ರಿಮ್ಮಿಗಿಂತ ಕಿರಿದಾಗಿದ್ದು, ಒಂದು ಬದಿಗೆ ಸರಿದು ಕಡ್ಡಿಯ ತೂತೊಂದರ ಅಂಚು ಅರೆತೆರೆದಿತ್ತು. 27 ಮಿ.ಮೀ. ಟೇಪನ್ನು ನೀವು ಹೇಳಿದ ಕ್ರಮದಲ್ಲಿಯೇ ಹಾಕಿ 80 ಮಿ.ಲೀ. ಸೀಲೆಂಟ್ ತುಂಬಿದ್ದೇನೆ. ಅದೇ ದಾರಿಯಲ್ಲಿ ಸವಾರಿ ಮಾಡಿ ಬಂದ ಮರುದಿನ ಬೆಳಿಗ್ಗೆ 33 ಪಿಎಸ್‌ಐ ಇತ್ತು, ಅಂದರೆ ಬಿಸಿಲಿನ ಲೆಕ್ಕದಷ್ಟೇ ಇಳಿದಿದೆ. ಈಗ ಉಳಿದಿರುವ ಪ್ರಶ್ನೆ, ಈ ಸೀಲೆಂಟ್ ಬೇಸಿಗೆ ಮುಗಿಯುವವರೆಗೆ ಬಾಳುತ್ತದೆಯೇ?

ಮಾಂಜ್ರಾ, ಬೀದರ್:

ಬಾಟಲಿಯ ಮೇಲೆ 2ರಿಂದ 6 ತಿಂಗಳು ಎಂದು ಬರೆದಿದ್ದರೂ ನಮ್ಮ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡುವುದು ಒಳಿತು. ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ ದ್ರವ ಅಲುಗುವ ಸದ್ದು ಕೇಳಬೇಕು. ಕೇಳದಿದ್ದರೆ ವಾಲ್ವಿನ ಒಳಗಿನ ಕೋರ್ ಬಿಚ್ಚಿ, ಅದಕ್ಕೆ ಅಂಟಿದ ರಬ್ಬರ್ ತೆಗೆದು, 40 ಮಿ.ಲೀ.ಯಷ್ಟು ಹಾಕಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸೈಕಲ್ಲನ್ನು ಬಿಡಬೇಡಿ, ಸೀಲೆಂಟಿಗೂ ಟೇಪಿಗೂ ಅದು ಹಾನಿ.

ಇಷ್ಟಾದರೂ ಒಂದು ಟ್ಯೂಬ್ ಜೊತೆಗಿರಲೇಬೇಕು. ಚಿಂಚೋಳಿ ಅಭಯಾರಣ್ಯದ ಒಳದಾರಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದರೂ ಅಲ್ಲಿ ಪಂಕ್ಚರ್ ಅಂಗಡಿ ಸಿಗುವುದಿಲ್ಲವಲ್ಲ. ಹಾಗೆಯೇ ವಾಲ್ವಿನ ಹೊರಗಿನ ನಟ್ಟನ್ನು ಬೆರಳಿನಿಂದ ಮಾತ್ರ ಬಿಗಿ ಮಾಡಿ. ಇಕ್ಕಳದಿಂದ ಬಿಗಿದುಬಿಟ್ಟರೆ ಕಾಡಿನಲ್ಲಿ ಟ್ಯೂಬ್ ಹಾಕಬೇಕಾಗಿ ಬಂದಾಗ ಆ ವಾಲ್ವನ್ನು ಬರಿಗೈಯಲ್ಲಿ ಬಿಚ್ಚಲಾಗುವುದಿಲ್ಲ.